ಹೊಳೆಗೆ ಸುರಿದರೂ ಅಳೆದು ಸುರಿ: ಬ್ರಿಟನ್ ಬಚ್ಚಿಟ್ಟ ಬೀಚ್‌ಗಳ ಕಥೆ

ಇವತ್ತು ಒಂದು ವಿಚಿತ್ರ ಲೆಕ್ಕದಿಂದ ಶುರು ಮಾಡೋಣ.

1979ನೇ ಇಸವಿ. ಯುರೋಪಿಯನ್ ಸಮುದಾಯದ ದೇಶಗಳು "ನಮ್ಮಲ್ಲಿ ಜನ ನೀರಿಗಿಳಿದು ಈಜೋ ಜಾಗಗಳು ಇವು" ಅಂತ ಒಂದು ಪಟ್ಟಿ ಕೊಡಬೇಕಿತ್ತು. ಲಕ್ಸೆಂಬರ್ಗ್ ಗೊತ್ತಲ್ಲ? ನಮ್ಮ ಕೊಡಗಿಗಿಂತ ಚಿಕ್ಕ ದೇಶ, ಸುತ್ತ ಯಾವ ಕಡೆಯೂ ಸಮುದ್ರ ಇಲ್ಲ. ಅದು ತನ್ನ ನದಿ, ಕೆರೆಗಳನ್ನೇ ಎಣಿಸಿ 39 ಜಾಗಗಳ ಪಟ್ಟಿ ಕೊಟ್ಟಿತು. ಇನ್ನು ಬ್ರಿಟನ್. ನಾಲ್ಕೂ ಕಡೆ ಸಮುದ್ರ, ಸಾವಿರಾರು ಕಿಲೋಮೀಟರ್ ಕರಾವಳಿ. ಸಮುದ್ರ ಸ್ನಾನ ಅನ್ನೋ ಫ್ಯಾಷನ್ನನ್ನು ಜಗತ್ತಿಗೆ ಕಲಿಸಿದ ದೇಶ. ಅದು ಕೊಟ್ಟ ಸಂಖ್ಯೆ 27.

ಆ ಪಟ್ಟಿಯಲ್ಲಿ ಬ್ಲಾಕ್‌ಪೂಲ್ ಇರಲಿಲ್ಲ. ಬ್ರೈಟನ್ ಕೂಡ ಇರಲಿಲ್ಲ. ಇದು ಹೇಗೆ ಅಂದ್ರೆ, ಮುಂಬೈನ ಬೀಚ್‌ಗಳ ಪಟ್ಟಿ ಮಾಡಿ ಜುಹು ಬಿಟ್ಟ ಹಾಗೆ, ಚೆನ್ನೈನ ಪಟ್ಟಿ ಮಾಡಿ ಮರೀನಾ ಬಿಟ್ಟ ಹಾಗೆ.

ಇದು ಗುಮಾಸ್ತರ ಕೈತಪ್ಪಲ್ಲ. ಬೇಕಂತಲೇ ಮಾಡಿದ್ದು. ಯಾಕೆ ಮಾಡಿದರು, ಅದರಿಂದ ಏನಾಯ್ತು, ವೀಕೆಂಡಿಗೆ ಅಲಿಬಾಗ್‌ಗೋ ಗೋಕರ್ಣಕ್ಕೋ ಹೊರಡೋ ನಮಗೂ ಅದಕ್ಕೂ ಏನು ಸಂಬಂಧ, ಅನ್ನೋದೇ ಇವತ್ತಿನ ವಿಷಯ.

ಔಷಧಿ ಅಂತ ಕುಡಿದ ನೀರು

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 18ನೇ ಶತಮಾನದ ಮೊದಲ ಭಾಗದವರೆಗೂ ಇಂಗ್ಲೆಂಡಿನ ಸ್ಥಿತಿವಂತರಿಗೆ ಸಮುದ್ರ ಅಂದ್ರೆ ಮೀನುಗಾರರ, ನಾವಿಕರ ಜಾಗ. ಅಲ್ಲಿಗೆ ಹೋಗಿ ಮಜಾ ಮಾಡೋದು ಅನ್ನೋ ಯೋಚನೆಯೇ ಹೆಚ್ಚಾಗಿ ಇರಲಿಲ್ಲ. 1750ರಲ್ಲಿ ಡಾಕ್ಟರ್ ರಿಚರ್ಡ್ ರಸೆಲ್ ಅನ್ನುವವರು ಲ್ಯಾಟಿನ್‌ನಲ್ಲಿ ಒಂದು ಪ್ರಬಂಧ ಬರೆದರು. ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರೇ ಮದ್ದು, ಅದರಲ್ಲಿ ಮುಳುಗಬೇಕು, ಅದನ್ನು ಕುಡಿಯಲೂ ಬೇಕು ಅಂತ. ಅವರು ರೋಗಿಗಳನ್ನು ಕರೆಸಿಕೊಂಡ ಮೀನುಗಾರರ ಊರೇ ಮುಂದೆ ಬ್ರೈಟನ್ ಅಂತ ಹೆಸರಾಯ್ತು. ಹಿಂದೆಯೇ ರಾಜಮನೆತನದವರು ಬಂದರು, ಶ್ರೀಮಂತರು ಬಂದರು. 1841ರಲ್ಲಿ ಲಂಡನ್ನಿನಿಂದ ಬ್ರೈಟನ್‌ಗೆ, 1846ರಲ್ಲಿ ಬ್ಲಾಕ್‌ಪೂಲಿಗೆ ರೈಲು ಬಂದ ಮೇಲೆ ಗಿರಣಿ ಕಾರ್ಮಿಕರೂ ರಜಾ ದಿನ ಸಮುದ್ರದ ಕಡೆ ಹೊರಟರು.

ಜನ ಬಂದರೆ ಅವರ ಹಿಂದೆ ಏನು ಬರುತ್ತೆ? ಕಕ್ಕಸು. 19ನೇ ಶತಮಾನದಲ್ಲೇ ಫ್ಲಶ್ ಇರೋ ಶೌಚಾಲಯವೂ ಮನೆಮನೆಗೆ ಬಂತು. ಗುಂಡಿಯಲ್ಲಿ ನಿಲ್ಲುತ್ತಿದ್ದ ಮಲ ಈಗ ನೀರಿನ ಜೊತೆ ಹರಿಯತೊಡಗಿತು. ಹರಿದದ್ದು ಎಲ್ಲಾದರೂ ಸೇರಬೇಕಲ್ಲ? ಲಂಡನ್ನಿನಲ್ಲಿ ಅದು ಥೇಮ್ಸ್ ನದಿಗೆ ಬಿತ್ತು. 1858ರ ಬೇಸಿಗೆಯಲ್ಲಿ ಪಾರ್ಲಿಮೆಂಟಿನವರೂ ಮೂಗು ಮುಚ್ಚಿಕೊಳ್ಳುವಷ್ಟು ನಾತ ಬಂದಾಗ, ಇಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ಅವರ ದೊಡ್ಡ ಒಳಚರಂಡಿ ಯೋಜನೆಗೆ ಹಣ ಸಿಕ್ಕಿತು. ಕರಾವಳಿಯ ಊರುಗಳಿಗೆ ಅಷ್ಟೆಲ್ಲ ತಲೆಬಿಸಿ ಇರಲಿಲ್ಲ. ಒಂದು ಪೈಪು, ಅದರ ಬಾಯಿ ಸಮುದ್ರಕ್ಕೆ. ಅಷ್ಟೇ. ಬ್ರೈಟನ್ 1870ರ ದಶಕದಲ್ಲಿ ದುಡ್ಡು ಸುರಿದು ಉದ್ದದ ಒಳಚರಂಡಿ ಕಟ್ಟಿಸಿತು. ಅದೂ ಕೂಡ ಊರಿನ ಕೊಳಚೆಯನ್ನು ಪೂರ್ವಕ್ಕೆ ಕೆಲವು ಮೈಲಿ ಒಯ್ದು ಪೋರ್ಟೊಬೆಲ್ಲೊ ಅನ್ನೋ ಕಡೆ ಸಮುದ್ರಕ್ಕೇ ಬಿಡುತ್ತಿತ್ತು. ತೊಂದರೆ ಹೋಗಲಿಲ್ಲ, ಪಕ್ಕಕ್ಕೆ ಸರಿಯಿತು.

ಒಂದೇ ಊರು ಒಂದು ಕೈಯಲ್ಲಿ ಆರೋಗ್ಯಕ್ಕಾಗಿ ಬನ್ನಿ ಅಂತ ಜನರನ್ನು ಸಮುದ್ರಕ್ಕೆ ಕರೆಯುತ್ತಿತ್ತು, ಇನ್ನೊಂದು ಕೈಯಲ್ಲಿ ಅದೇ ಸಮುದ್ರಕ್ಕೆ ತನ್ನ ಮಲ ಬಿಡುತ್ತಿತ್ತು. ಉಪ್ಪು ನೀರು, ಬಿಸಿಲು, ಅಲೆ ಎಲ್ಲ ಸೇರಿ ಶುದ್ಧ ಮಾಡುತ್ತೆ ಅನ್ನೋ ನಂಬಿಕೆ. ಪೂರ್ತಿ ಸುಳ್ಳೂ ಅಲ್ಲ. ಬಿಸಿಲಿಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಎಷ್ಟು, ಎಷ್ಟು ಹೊತ್ತಿಗೆ, ಅಷ್ಟರಲ್ಲಿ ಯಾರು ನೀರಲ್ಲಿದ್ದಾರೆ? ಇದನ್ನು ಯಾರೂ ಅಳೆದಿರಲಿಲ್ಲ.

ಒಂದು ಮಗು, ಎರಡು ಉತ್ತರ

1950ರ ದಶಕ. ಪೋಲಿಯೊ ಭಯದ ಕಾಲ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸಮುದ್ರಕ್ಕಿಳಿದು ಆಡಿದ್ದ ಆರು ವರ್ಷದ ಹುಡುಗಿಯೊಬ್ಬಳು ಪೋಲಿಯೊ ತಗುಲಿ ತೀರಿಕೊಂಡಳು. ಆ ನೀರಿಗೆ ಕೊಳಚೆ ಬರುತ್ತಿತ್ತು. ಅದರಿಂದಲೇ ಮಗಳು ಹೋದಳು ಅಂತ ಅಪ್ಪ ಅಮ್ಮನಿಗೆ ಖಚಿತ. ಟೋನಿ ವೇಕ್‌ಫೀಲ್ಡ್ ಮತ್ತು ಡ್ಯಾಫ್ನಿ ವೇಕ್‌ಫೀಲ್ಡ್ ಅವರ ಹೆಸರು. ಅವರು ಕಟ್ಟಿದ ಸಂಘ ಕೋಸ್ಟಲ್ ಆ್ಯಂಟಿ ಪೊಲ್ಯೂಷನ್ ಲೀಗ್.

ಇತ್ತ ಸರ್ಕಾರದ ಕಡೆಯಿಂದಲೂ ಒಂದು ಅಧ್ಯಯನ ನಡೆದಿತ್ತು. ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಸೇವೆ 1953ರಲ್ಲಿ ಒಂದು ಸಮಿತಿ ಮಾಡಿತು. ಅವರು ವರ್ಷಗಟ್ಟಲೆ 40ಕ್ಕೂ ಹೆಚ್ಚು ಬೀಚ್‌ಗಳ ನೀರು ಪರೀಕ್ಷಿಸಿದರು. ಪೋಲಿಯೊ ಬಂದ ಮಕ್ಕಳು, ಬರದ ಮಕ್ಕಳು, ಇಬ್ಬರಲ್ಲಿ ಯಾರು ಹೆಚ್ಚು ಸಮುದ್ರಕ್ಕಿಳಿದಿದ್ದರು ಅಂತ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. 1959ರ ವರದಿಯ ಸಾರ ಹೀಗಿತ್ತು: ನೋಡಿದರೇ ಹೇಸಿಗೆಯಾಗುವಷ್ಟು ನೀರು ಹೊಲಸಾಗಿದ್ದರೆ ಮಾತ್ರ ಗಂಭೀರ ಅಪಾಯ, ಇಲ್ಲದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಅಪಾಯ ಇಲ್ಲ.

ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ಸಮಿತಿಯವರು ಕಳ್ಳರಲ್ಲ. ಅವರು ಹುಡುಕಿದ್ದು ಪೋಲಿಯೊ, ಟೈಫಾಯಿಡ್ ತರಹದ ದೊಡ್ಡ ಕಾಯಿಲೆಗಳನ್ನು. ಅವು ಸಮುದ್ರ ಸ್ನಾನದಿಂದ ದೊಡ್ಡ ಪ್ರಮಾಣದಲ್ಲಿ ಬರುತ್ತಿವೆ ಅನ್ನೋದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಆ ಹುಡುಗಿಗೆ ಸಮುದ್ರದಿಂದಲೇ ಪೋಲಿಯೊ ಬಂತಾ ಅನ್ನೋದನ್ನೂ ಯಾರೂ ಸಾಬೀತು ಮಾಡಲಾಗದು. ಆದರೆ ಎರಡು ದಿನದ ವಾಂತಿ ಭೇದಿ, ಕಿವಿ ಸೋರೋದು, ಗಂಟಲು ಉರಿ, ಇವಕ್ಕೆಲ್ಲ ಯಾರು ಆಸ್ಪತ್ರೆ ಸೇರ್ತಾರೆ? ಯಾವ ರಿಜಿಸ್ಟರಿನಲ್ಲೂ ಅವು ದಾಖಲಾಗಲ್ಲ. ದಾಖಲೆಯಲ್ಲಿ ಇಲ್ಲದ ಕಾಯಿಲೆ ವರದಿಯಲ್ಲೂ ಇರಲಿಲ್ಲ.

ಮುಂದಿನ 30 ವರ್ಷ ಈ ವರದಿ ಬ್ರಿಟಿಷ್ ಅಧಿಕಾರಿಗಳಿಗೆ ಗುರಾಣಿ ಆಯ್ತು. ಯಾರಾದರೂ ದೂರಿದರೆ "ಅಪಾಯ ಇಲ್ಲ ಅಂತ ವಿಜ್ಞಾನ ಹೇಳಿದೆಯಲ್ಲ" ಅನ್ನೋ ಉತ್ತರ.

ವೇಕ್‌ಫೀಲ್ಡ್ ದಂಪತಿ ವಾದಕ್ಕೆ ನಿಲ್ಲಲಿಲ್ಲ, ಪಟ್ಟಿ ಮಾಡಲು ಕೂತರು. ಯಾವ ಬೀಚ್, ಹತ್ತಿರದಲ್ಲಿ ಕೊಳಚೆ ಪೈಪು ಎಲ್ಲಿ ಬಾಯಿ ಬಿಡುತ್ತೆ, ಶುದ್ಧ ಮಾಡಿ ಬಿಡ್ತಾರಾ ಹಾಗೇ ಬಿಡ್ತಾರಾ ಅಂತ ಮಾಹಿತಿ ಕಲೆಹಾಕಿ 1960ರಲ್ಲಿ 'ಗೋಲ್ಡನ್ ಲಿಸ್ಟ್' ಅನ್ನೋ ಪುಸ್ತಿಕೆ ತಂದರು. ಕೊಳಚೆ ಮುಟ್ಟದ ಬೀಚ್‌ಗಳ ಪಟ್ಟಿ. ಸರ್ಕಾರ ಮಾಡಬೇಕಾದ ಡ್ಯಾಶ್‌ಬೋರ್ಡನ್ನು ಮಗಳನ್ನು ಕಳೆದುಕೊಂಡ ಗಂಡ ಹೆಂಡತಿ ಮಾಡಿದರು. ಇವತ್ತು ಬ್ರಿಟನ್ನಿನಲ್ಲಿ ಸಿಗೋ ಬೀಚ್ ಮಾರ್ಗದರ್ಶಿಗಳ ಬೇರು ಅದೇ.

27ರ ಗುಟ್ಟು

1973ರಲ್ಲಿ ಬ್ರಿಟನ್ ಯುರೋಪಿಯನ್ ಸಮುದಾಯಕ್ಕೆ ಸೇರಿತು. 1975ರ ಡಿಸೆಂಬರ್‌ನಲ್ಲಿ ಆ ಸಮುದಾಯ ಸ್ನಾನದ ನೀರಿಗೇ ಅಂತ ಒಂದು ನಿರ್ದೇಶನ ಹೊರಡಿಸಿತು. 100 ಮಿಲಿಲೀಟರ್ ನೀರಿನಲ್ಲಿ ಮಲದ ಕಾಲಿಫಾರ್ಮ್ ಬ್ಯಾಕ್ಟೀರಿಯಾ 2,000 ದಾಟಬಾರದು, ಇದು ಕಡ್ಡಾಯ. 100ರ ಒಳಗಿದ್ದರೆ ಉತ್ತಮ, ಇದು ಗುರಿ. ಸರಿಮಾಡಿಕೊಳ್ಳಲು 10 ವರ್ಷ ಗಡುವು.

ಈ ಕಾಲಿಫಾರ್ಮ್ ಯಾಕೆ ಅಂತ ಒಂದು ಮಾತು ಹೇಳಿಬಿಡ್ತೀನಿ. ಇವುಗಳಲ್ಲಿ ಮುಖ್ಯವಾದ ಇ. ಕೋಲಿಯನ್ನು 1885ರಲ್ಲಿ ಥಿಯೊಡೊರ್ ಎಶೆರಿಷ್ ಅನ್ನೋ ಮಕ್ಕಳ ವೈದ್ಯರು ಶಿಶುಗಳ ಮಲದಲ್ಲಿ ಗುರುತಿಸಿದರು. ಇದರ ಹೆಚ್ಚಿನ ತಳಿಗಳು ನಮಗೇನೂ ಮಾಡಲ್ಲ. ಆದರೆ ಹೊಗೆ ಕಂಡರೆ ಬೆಂಕಿ ಇದೆ ಅಂತೀವಲ್ಲ, ಹಾಗೆ ನೀರಲ್ಲಿ ಇದು ಸಿಕ್ಕರೆ ಮಲ ಬಂದಿದೆ ಅಂತ ಅರ್ಥ. ಮಲದ ಜೊತೆ ಇನ್ನೇನೇನು ಬಂದಿರಬಹುದು ಅನ್ನೋದೇ ಭಯ.

ಈಗ ನಿರ್ದೇಶನದ ಒಂದು ಸಾಲಿಗೆ ಬರೋಣ. ಯಾವುದು ಸ್ನಾನದ ನೀರು? ಎಲ್ಲಿ ಸ್ನಾನಕ್ಕೆ ಅಧಿಕೃತ ಅನುಮತಿ ಇದೆಯೋ ಅದು. ಇಲ್ಲವೇ, ನಿಷೇಧ ಇಲ್ಲದೆ "ಬಹಳ ಜನ" ರೂಢಿಯಿಂದ ಸ್ನಾನ ಮಾಡ್ತಾರೋ ಅದು. ಬಹಳ ಜನ ಅಂದ್ರೆ ಎಷ್ಟು? ಅದನ್ನು ಬರೆದಿರಲಿಲ್ಲ. ಬ್ರಿಟನ್ ಆ ಜಾಗದಲ್ಲಿ ತನ್ನದೇ ಸಂಖ್ಯೆ ತುಂಬಿತು. ಒಂದೇ ಹೊತ್ತಿಗೆ ನೀರಿನೊಳಗೆ 500ಕ್ಕಿಂತ ಕಡಿಮೆ ಜನ ಇದ್ದರೆ ಅದು ಸ್ನಾನದ ಬೀಚೇ ಅಲ್ಲ. ಮೈಲಿಗೆ 1,500ಕ್ಕಿಂತ ಹೆಚ್ಚಿದ್ದರೆ ಹೌದು. ನಡುವೆ ಇರೋದು ಚರ್ಚೆಗೆ ಬಿಟ್ಟಿದ್ದು.

ಗಮನಿಸಿ, ಮರಳಿನ ಮೇಲೆ ಕೂತವರಲ್ಲ, ನೀರಿನಲ್ಲಿ ಇದ್ದವರು. ಇಂಗ್ಲೆಂಡಿನ ಸಮುದ್ರ ಬೇಸಿಗೆಯಲ್ಲೂ ಐಸ್ ತರಹ. ಜನ ಬರ್ತಾರೆ, ಕುರ್ಚಿ ಹಾಕಿ ಕೂರ್ತಾರೆ, ಮಕ್ಕಳು ಓಡಿಹೋಗಿ ಕಾಲು ನೆನೆಸಿ ಕಿರುಚಿಕೊಂಡು ವಾಪಸ್ ಬರ್ತಾರೆ. ಒಂದೇ ಕ್ಷಣಕ್ಕೆ 500 ತಲೆ ನೀರಲ್ಲಿ ಸಿಗೋದು ಕಷ್ಟ. ಹೀಗೆ ಉಳಿದದ್ದು 27.

ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಟೆಸ್ಟ್ ಕೇಸ್ ಫೇಲ್ ಆಗುತ್ತೆ ಅಂತ ಗೊತ್ತಾದಾಗ ಬಗ್ ಸರಿ ಮಾಡಲಿಲ್ಲ, ಆ ಮಾಡ್ಯೂಲನ್ನೇ ಸ್ಕೋಪಿನಿಂದ ತೆಗೆದುಬಿಟ್ಟರು. ರಿಪೋರ್ಟ್ ಎಲ್ಲ ಹಸಿರು.

ಯಾಕೆ? ದುಡ್ಡು. ಪಟ್ಟಿಗೆ ಸೇರಿಸಿದ ಪ್ರತಿ ಬೀಚಿಗೂ ಕೊಳಚೆ ಸಂಸ್ಕರಣೆಗೆ ಖರ್ಚು ಮಾಡಲೇಬೇಕು. 1976ರಲ್ಲಷ್ಟೇ ಬ್ರಿಟನ್ ಐಎಂಎಫ್ ಮುಂದೆ ಸಾಲಕ್ಕೆ ಕೈಚಾಚಿತ್ತು. ಇನ್ನೊಂದು ಕಾರಣ ವ್ಯವಸ್ಥೆಯೊಳಗೇ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1974ರಿಂದ ಕೊಳಚೆ ಬಿಡೋದೂ ಪ್ರಾದೇಶಿಕ ಜಲ ಪ್ರಾಧಿಕಾರಗಳೇ, ಮಾಲಿನ್ಯ ತಡೆಯೋದೂ ಅವೇ. ಪರೀಕ್ಷೆ ಬರೆದವನ ಕೈಗೇ ಉತ್ತರ ಪತ್ರಿಕೆ ತಿದ್ದಲು ಕೊಟ್ಟ ಹಾಗೆ.

ಲೈಫ್‌ಗಾರ್ಡ್ ಯಾಕೆ ಇಟ್ಟಿದ್ದೀರಿ?

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆಲ್ಲ ಕಾಣದೇ ಇರುತ್ತಾ? 1984ರಲ್ಲಿ ಪರಿಸರ ಮಾಲಿನ್ಯದ ಮೇಲಿನ ರಾಯಲ್ ಕಮಿಷನ್, ಅಂದ್ರೆ ಬ್ರಿಟನ್ನಿನ ಸ್ವಂತ ಪರಿಣತರ ಆಯೋಗವೇ, ಈ ಪಟ್ಟಿಯನ್ನು ಟೀಕಿಸಿತು. ಬ್ರಸೆಲ್ಸ್‌ನಿಂದಲೂ ಒತ್ತಡ ಬಂತು. 1987ರಲ್ಲಿ ಪಟ್ಟಿ 27ರಿಂದ ಒಂದೇ ಏಟಿಗೆ ಸುಮಾರು 390ಕ್ಕೆ ಏರಿತು. ಸಮುದ್ರ ಅದೇ, ಬೀಚ್ ಅದೇ, ಜನ ಅದೇ. ಬದಲಾದದ್ದು ಒಪ್ಪಿಕೊಳ್ಳುವ ಮನಸ್ಸು ಮಾತ್ರ.

ಆದರೂ ಬ್ಲಾಕ್‌ಪೂಲಿನ ಜಗಳ ಮುಗಿಯಲಿಲ್ಲ. ಅಲ್ಲಿನ ಮತ್ತು ಪಕ್ಕದ ಸೌತ್‌ಪೋರ್ಟಿನ ನೀರು ಮಿತಿಯೊಳಗೆ ಇಲ್ಲ ಅಂತ ಯುರೋಪಿಯನ್ ಕಮಿಷನ್ ಕೇಸು ಹಾಕಿತು. 1993ರ ಜುಲೈ 14ರಂದು ಯುರೋಪಿಯನ್ ನ್ಯಾಯಾಲಯದ ತೀರ್ಪು ಬಂತು. ನ್ಯಾಯಾಲಯ ನೋಡಿದ್ದು ಬಹಳ ಸರಳವಾದ ಸಾಕ್ಷಿ. ಅಲ್ಲಿ ಬಟ್ಟೆ ಬದಲಿಸುವ ಕೋಣೆಗಳಿವೆ, ಶೌಚಾಲಯ ಇದೆ, ಸ್ನಾನದ ಜಾಗಕ್ಕೆ ಗುರುತು ಹಾಕಿದ್ದೀರಿ, ಲೈಫ್‌ಗಾರ್ಡ್ ಇಟ್ಟಿದ್ದೀರಿ. ಜನ ಸ್ನಾನ ಮಾಡಲ್ಲ ಅಂದ್ರೆ ಇವೆಲ್ಲ ಯಾಕೆ? "ಸಾಧ್ಯವಾದ ಎಲ್ಲ ಪ್ರಯತ್ನ ಮಾಡ್ತಿದ್ದೀವಿ" ಅನ್ನೋ ವಾದವೂ ನಡೆಯಲಿಲ್ಲ. ಕಾನೂನು ಕೇಳಿದ್ದು ಪ್ರಯತ್ನವನ್ನಲ್ಲ, ಫಲಿತಾಂಶವನ್ನು.

ಇದೇ ಹೊತ್ತಿಗೆ, 1990ರಲ್ಲಿ, ಕಾರ್ನ್‌ವಾಲ್‌ನ ಕೆಲವು ಸರ್ಫರ್‌ಗಳು ಸರ್ಫರ್ಸ್ ಅಗೇನ್ಸ್ಟ್ ಸೂಯೇಜ್ ಅಂತ ಸಂಘ ಕಟ್ಟಿದರು. ವರ್ಷವಿಡೀ ನೀರಲ್ಲಿ ಇರೋರು ಅವರು. ಮುಖಕ್ಕೆ ಗ್ಯಾಸ್ ಮಾಸ್ಕ್, ಕೈಯಲ್ಲಿ ಸರ್ಫ್ ಬೋರ್ಡ್, ಜೊತೆಗೆ ಗಾಳಿ ತುಂಬಿದ ದೈತ್ಯ ಮಲದ ಗೊಂಬೆ ಹಿಡಿದು ಪಾರ್ಲಿಮೆಂಟಿನ ಮುಂದೆ ನಿಂತರು. ಪತ್ರಿಕೆಗಳಿಗೆ ಇನ್ನೇನು ಬೇಕು!

ವಿಜ್ಞಾನವೂ ಬದಲಾಯ್ತು. 1989ರಿಂದ 1992ರವರೆಗೆ ಡೇವಿಡ್ ಕೇ ಮತ್ತು ಸಂಗಡಿಗರು ಬ್ರಿಟನ್ನಿನ ನಾಲ್ಕು ಬೀಚ್‌ಗಳಲ್ಲಿ ಒಂದು ಪ್ರಯೋಗ ಮಾಡಿದರು. ಒಪ್ಪಿ ಬಂದ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ನೀರಿಗಿಳಿದು ತಲೆ ಮುಳುಗಿಸಬೇಕು. ಇನ್ನೊಂದು ಮರಳಲ್ಲೇ ಇರಬೇಕು. ಅವರು ನೀರಲ್ಲಿದ್ದಾಗಲೇ, ಅವರು ನಿಂತ ಜಾಗದಲ್ಲೇ ಮಾದರಿ ತೆಗೆದರು. ಆಮೇಲೆ ಯಾರಿಗೆ ಹೊಟ್ಟೆ ಕೆಟ್ಟಿತು ಅಂತ ನೋಡಿದರು. ಉತ್ತರ ಸ್ಪಷ್ಟ ಇತ್ತು. ಮಲದ ಸ್ಟ್ರೆಪ್ಟೊಕಾಕೈ ಅನ್ನೋ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ 100 ಮಿಲಿಲೀಟರ್‌ಗೆ ಸುಮಾರು 32 ದಾಟಿದರೆ ಕಾಯಿಲೆ ಏರತೊಡಗುತ್ತದೆ. ಅಷ್ಟು ಬ್ಯಾಕ್ಟೀರಿಯಾ ಇರೋ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. "ನೋಡಿದರೆ ಹೇಸಿಗೆ ಆಗದಿದ್ದರೆ ಪರವಾಗಿಲ್ಲ" ಅನ್ನೋ 1959ರ ಗುರಾಣಿ ಅಲ್ಲಿಗೆ ಒಡೆಯಿತು. ಈ ಅಧ್ಯಯನ 1994ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2003ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗೂ ಇದು ತಳಹದಿಯಾಯ್ತು.

2006ರಲ್ಲಿ ಯುರೋಪು ನಿಯಮವನ್ನೇ ಹೊಸದಾಗಿ ಬರೆಯಿತು. ಇ. ಕೋಲಿ, ಎಂಟರೊಕಾಕೈ ಎರಡನ್ನೂ ಅಳೆಯಬೇಕು, ಹಲವು ವರ್ಷಗಳ ಅಂಕಿ ಸೇರಿಸಿ ಪ್ರತಿ ಬೀಚಿಗೆ ದರ್ಜೆ ಕೊಡಬೇಕು, ಆ ದರ್ಜೆಯನ್ನು ಬೀಚಿನ ಹತ್ತಿರವೇ ಬೋರ್ಡು ಹಾಕಿ ತೋರಿಸಬೇಕು. ವೇಕ್‌ಫೀಲ್ಡ್ ದಂಪತಿಯ ಪಟ್ಟಿ ಕೊನೆಗೂ ಕಾನೂನಾಯ್ತು ಅಂತ ಬೇಕಾದರೆ ಹೇಳಿ.

ನಮ್ಮೂರನ್ನೂ ಪಟ್ಟಿಗೆ ಸೇರಿಸಿ

ಕಥೆ ಇಲ್ಲಿಗೆ ಸುಖಾಂತ್ಯ ಆಗಿದ್ರೆ ಚೆನ್ನಾಗಿತ್ತು. ಆಗಲಿಲ್ಲ. ಬ್ರಿಟನ್ನಿನ ಹಳೇ ಊರುಗಳಲ್ಲಿ ಮಳೆ ನೀರು, ಮನೆಯ ಕೊಳಚೆ ಎರಡಕ್ಕೂ ಒಂದೇ ಪೈಪು. ಜೋರು ಮಳೆ ಬಂದರೆ ಅದು ಮನೆಯೊಳಗೆ ಉಕ್ಕದಿರಲಿ ಅಂತ ಹೊಳೆಗೋ ಸಮುದ್ರಕ್ಕೋ ನೇರ ಬಿಡುವ ತೂಬುಗಳಿವೆ. 2023ರ ಕೊನೆಗೆ ಇಂಗ್ಲೆಂಡಿನ ಇಂಥ ಎಲ್ಲ ತೂಬುಗಳಿಗೂ ಮೀಟರ್ ಕೂರಿಸಿದರು. ಆ ವರ್ಷದ ಲೆಕ್ಕ, ಸುಮಾರು 36 ಲಕ್ಷ ಗಂಟೆಗಳ ಕಾಲ ಕೊಳಚೆ ಹರಿದಿತ್ತು. ದೇಶವೇ ಸಿಟ್ಟಾಯ್ತು. ಮೀಟರ್ ಇಲ್ಲದ ಕಾಲದಲ್ಲೂ ಹರಿಯುತ್ತಿತ್ತು. ಆಗ ಎಷ್ಟು ಅಂತ ಗೊತ್ತಿರಲಿಲ್ಲ, ಅಷ್ಟೇ.

ಇನ್ನೊಂದು ಸ್ವಾರಸ್ಯ. ಇಂಗ್ಲೆಂಡಿನ ಉತ್ತರಕ್ಕೆ ಇಲ್ಕ್‌ಲಿ ಅಂತ ಒಂದು ಊರು, ವಾರ್ಫ್ ನದಿಯ ದಡದಲ್ಲಿ. ನದಿಗೆ ಕೊಳಚೆ ಬರ್ತಿದೆ ಅಂತ ಊರವರಿಗೆ ಗೊತ್ತು. ಅವರು ಹೋರಾಡಿ ಕೇಳಿದ್ದೇನು? "ನಮ್ಮ ನದಿಯನ್ನು ಅಧಿಕೃತ ಸ್ನಾನದ ನೀರು ಅಂತ ಘೋಷಿಸಿ." 2020ರ ಡಿಸೆಂಬರ್‌ನಲ್ಲಿ ಘೋಷಣೆ ಆಯ್ತು, ಇಂಗ್ಲೆಂಡಿನ ನದಿಗಳಲ್ಲಿ ಇದೇ ಮೊದಲು. ಮರುವರ್ಷ ಬಂದ ದರ್ಜೆ: ಕಳಪೆ. ಊರವರಿಗೆ ಆಶ್ಚರ್ಯ ಆಗಲಿಲ್ಲ, ಅವರಿಗೆ ಬೇಕಿದ್ದದ್ದೇ ಆ ಕಾಗದ. ಘೋಷಣೆ ಆದರೆ ಅಳೆಯಲೇಬೇಕು. ಅಳೆದರೆ ಪ್ರಕಟಿಸಲೇಬೇಕು. ಪ್ರಕಟಿಸಿದರೆ ಯಾರಾದರೂ ಉತ್ತರ ಕೊಡಬೇಕು.

1979ರಲ್ಲಿ ಸರ್ಕಾರ ಪಟ್ಟಿಯಿಂದ ಊರುಗಳನ್ನು ಹೊರಗಿಟ್ಟಿತು. 40 ವರ್ಷದ ನಂತರ ಊರು ತಾನಾಗಿ ಪಟ್ಟಿಯೊಳಗೆ ಬಂತು, ಫೇಲ್ ಆಗ್ತೀವಿ ಅಂತ ಗೊತ್ತಿದ್ದೂ.

ನಮ್ಮ ಮರಳಿನ ಮೇಲೆ

ಈಗ ನಮ್ಮ ಕಡೆ ತಿರುಗೋಣ. ಭಾರತದಲ್ಲಿ ಕರಾವಳಿಯ ಕಾಳಜಿ ಶುರುವಾದದ್ದು ನೀರಿನಿಂದಲ್ಲ, ನೆಲದಿಂದ. 1981ರ ನವೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಕಟ್ಟಡ ಬೇಡ ಅಂದರು. ಅದರ ಮುಂದುವರಿಕೆಯೇ 1991ರ ಸಿಆರ್‌ಝೆಡ್ ಅಧಿಸೂಚನೆ. ನೀರಿಗೂ ನಿಯಮ ಬಂತು. ಸ್ನಾನಕ್ಕೆ, ನೀರಿನ ಆಟಗಳಿಗೆ ಯೋಗ್ಯವಾದ ಸಮುದ್ರದ ನೀರನ್ನು ನಮ್ಮಲ್ಲಿ ಎಸ್‌ಡಬ್ಲ್ಯು 2 ಅಂತ ಕರೀತಾರೆ. ಅದಕ್ಕೆ ಮಲದ ಕಾಲಿಫಾರ್ಮ್ ಮಿತಿ 100 ಮಿಲಿಲೀಟರ್‌ಗೆ 100. ಯುರೋಪು 1975ರಲ್ಲಿ ಆದರ್ಶ ಗುರಿ ಅಂತ ಇಟ್ಟಿದ್ದ ಅದೇ ಸಂಖ್ಯೆ. ಕಾಗದದ ಮೇಲೆ ನಾವು ಕಟ್ಟುನಿಟ್ಟು.

2020ರ ಅಕ್ಟೋಬರ್‌ನಲ್ಲಿ ಭಾರತದ ಎಂಟು ಬೀಚ್‌ಗಳಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತು. 1985ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿ, 1987ರಲ್ಲಿ ಯುರೋಪಿಗೆ ಹರಡಿದ ಬಾವುಟ ಇದು. ಆ ಎಂಟರಲ್ಲಿ ಎರಡು ನಮ್ಮವು. ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಹತ್ತಿರದ ಕಾಸರಕೋಡು. ಮರುವರ್ಷ ಚೆನ್ನೈ ಹತ್ತಿರದ ಕೋವಳಂ, ಪುದುಚೇರಿಯ ಈಡನ್ ಸೇರಿದವು. ಹೆಮ್ಮೆ ಪಡಬೇಕಾದ್ದೇ. ಈ ಬಾವುಟಕ್ಕೆ ನೀರಿನ ಪರೀಕ್ಷೆ ನಿಯಮಿತವಾಗಿ ಆಗಬೇಕು, ಫಲಿತಾಂಶ ಅಲ್ಲೇ ಬೋರ್ಡಿನಲ್ಲಿ ಹಾಕಬೇಕು.

ಆದರೆ 27ರ ಪಾಠ ನೆನಪಿರಲಿ. ಬಾವುಟ ಪಡುಬಿದ್ರಿಯ ಒಂದು ತುಂಡು ತೀರದ ಬಗ್ಗೆ ಮಾತಾಡುತ್ತೆ. ಮಲ್ಪೆ, ಪಣಂಬೂರು, ಗೋಕರ್ಣ, ಕಾರವಾರದ ಬಗ್ಗೆ ಒಳ್ಳೇದೂ ಹೇಳಲ್ಲ, ಕೆಟ್ಟದ್ದೂ ಹೇಳಲ್ಲ. ನಮ್ಮ ರಾಜ್ಯದ 300 ಕಿಲೋಮೀಟರ್‌ಗೂ ಮೀರಿದ ಕರಾವಳಿಯಲ್ಲಿ ಹೆಚ್ಚಿನ ಜನ ನೀರಿಗಿಳಿಯೋದು ಬಾವುಟ ಇಲ್ಲದ ಕಡೆಯೇ.

ಮುಂಬೈ ನೋಡಿ. 2015ರಲ್ಲಿ ವಕೀಲ ಅಫ್ರೋಜ್ ಶಾ ವರ್ಸೋವಾ ಬೀಚಿನ ಪ್ಲಾಸ್ಟಿಕ್ ಎತ್ತಲು ಶುರು ಮಾಡಿದರು, ಸಾವಿರಾರು ಜನ ಕೈಜೋಡಿಸಿದರು, ಮರುವರ್ಷ ವಿಶ್ವಸಂಸ್ಥೆಯ ಗೌರವ ಸಿಕ್ಕಿತು. ದೊಡ್ಡ ಕೆಲಸ. ಆದರೆ ಪ್ಲಾಸ್ಟಿಕ್ ಕೈಗೆ ಸಿಗುತ್ತೆ, ಬ್ಯಾಕ್ಟೀರಿಯಾ ಸಿಗಲ್ಲ. ಮರಳು ಸ್ವಚ್ಛ ಆದ ಮಾತ್ರಕ್ಕೆ ನೀರು ಸ್ವಚ್ಛ ಆಯ್ತು ಅಂತಲ್ಲ. ಚೆನ್ನೈನಲ್ಲಿ ಮರೀನಾದ ಉತ್ತರಕ್ಕೆ ಕೂವಂ, ದಕ್ಷಿಣಕ್ಕೆ ಅಡ್ಯಾರ್, ಎರಡೂ ನಗರದ ಕೊಳಚೆ ಹೊತ್ತೇ ಸಮುದ್ರ ಸೇರುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿಗಳು ಸಮುದ್ರದ ನೀರು ಪರೀಕ್ಷೆ ಮಾಡ್ತವೆ, ಅಂಕಿಗಳನ್ನೂ ಪ್ರಕಟಿಸ್ತವೆ. ಆದರೆ ಮಗುವಿನ ಕೈ ಹಿಡಿದು ಅಲೆಯ ಅಂಚಲ್ಲಿ ನಿಂತವರು ಪಿಡಿಎಫ್ ತೆರೆದು ನೋಡ್ತಾರಾ? ಸಂಖ್ಯೆ ಇರಬೇಕಾದ್ದು ಮರಳಿನ ಮೇಲಿನ ಬೋರ್ಡಿನಲ್ಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಕೆಲವಿವೆ. ಜೋರು ಮಳೆ ಬಂದ ಮೇಲೆ ಒಂದೆರಡು ದಿನ ನಗರದ ಬೀಚ್‌ಗಳಲ್ಲಿ ನೀರಿಗಿಳಿಯಬೇಡಿ. ನಾಲೆ, ಚರಂಡಿ, ಅಳಿವೆ ಸೇರೋ ಜಾಗದಿಂದ ದೂರ ಇರಿ. ಮಕ್ಕಳು ನೀರು ನುಂಗದ ಹಾಗೆ ನೋಡಿಕೊಳ್ಳಿ, ಆಟ ಮುಗಿದ ಮೇಲೆ ಕೈ ತೊಳೆಸದೆ ತಿನ್ನಲು ಕೊಡಬೇಡಿ. ಊರಿಗೆ ಹೋದಾಗ ನಿಮ್ಮೂರಿನ ಬೀಚಿನ ಪಂಚಾಯ್ತಿಯನ್ನೋ ನಗರಸಭೆಯನ್ನೋ ಒಂದೇ ಪ್ರಶ್ನೆ ಕೇಳಿ: ಇಲ್ಲಿನ ನೀರನ್ನು ಕೊನೆಯ ಸಲ ಅಳೆದದ್ದು ಯಾವಾಗ, ಎಷ್ಟು ಬಂತು?

ಹೊಳೆಗೆ ಸುರಿದರೂ ಅಳೆದು ಸುರಿ ಅಂತ ನಮ್ಮ ಹಿರಿಯರ ಗಾದೆ. ಅವರು ಹೇಳಿದ್ದು ದುಂದುವೆಚ್ಚದ ಬಗ್ಗೆ. ಆದರೆ ಹೊಳೆಗೂ ಸಮುದ್ರಕ್ಕೂ ನಿಜವಾಗಿಯೇ ಸುರಿಯುತ್ತಿರೋ ನಮಗೆ ಇದು ಅಕ್ಷರಶಃ ಅನ್ವಯಿಸುತ್ತೆ. ಬ್ರಿಟನ್‌ಗೆ ಇದು ಅರ್ಥವಾಗಲು ಒಂದು ಕೋರ್ಟು ತೀರ್ಪು, ಮಗಳನ್ನು ಕಳೆದುಕೊಂಡ ಒಂದು ಮನೆ, ನೂರಾರು ಸರ್ಫರ್‌ಗಳು ಬೇಕಾದರು. ನಮಗೆ ಅಷ್ಟು ಬೆಲೆ ತೆರದೆ ಅರ್ಥವಾಗಲಿ.